ಅಕ್ಷರಗುಂಡಿಗೆ ಒಂಬತ್ತು ಪಂಕ್ಚರ್

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಸೈಕಲ್ ತುಳಿಯುವುದನ್ನು ಆಮೇಲೆ ಕಲಿತರೂ ನಡೆಯುತ್ತದೆ, ಪಂಕ್ಚರ್ ಹಾಕುವುದನ್ನು ಮಾತ್ರ ಮೊದಲೇ ಕಲಿತಿರಬೇಕು. ರಸ್ತೆಯ ಎರಡೂ ಬದಿ, ಕೆರೆಯಂಗಳ, ಗೋಮಾಳ, ಸ್ಮಶಾನ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದು, ಮುಳ್ಳು ನಮ್ಮ ಪಾಲಿನದು. ಮಳೆ ಬಂದರೂ ಬಾರದಿದ್ದರೂ ಕೈಕೊಡದ ಬೆಳೆ ನಮ್ಮಲ್ಲಿ ಅದೊಂದೇ. ಅದಕ್ಕೆ ಬೆಂಬಲ ಬೆಲೆಯೇನಾದರೂ ಸಿಕ್ಕಿದ್ದರೆ ನಾವು ಮಂಡ್ಯದವರಿಗೆ ಸಾಲ ಕೊಡುತ್ತಿದ್ದೆವು.

ಮುಳ್ಳನ್ನು ಕಂಡರೆ ಬೇರೆ ಕಡೆಯ ಜನ ದಾರಿ ಬದಲಿಸುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಅದರ ಮೇಲೆ ಹತ್ತುತ್ತಾರೆ. ಪುರ್ಲಹಳ್ಳಿ ಬಳಿ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆ ಮುಳ್ಳನ್ನು ಒಟ್ಟಿ ಎತ್ತರದ ಗುಡಿ ಮಾಡಿ, ತುದಿಗೆ ಕಳಸ ಇಡುತ್ತಾರೆ. ಹುಡುಗರು ಬರಿಗಾಲಲ್ಲಿ ಆ ಮುಳ್ಳನ್ನು ತುಳಿಯುತ್ತ ಮೇಲೇರಿ ಕಳಸ ಕೀಳುತ್ತಾರೆ. ಆರೇಳು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿ, "ಅವ್ರಿಗೆ ಹೆದ್ರಿಕೆ ಆಗಲ್ವೇನಪ್ಪಾ?" ಎಂದು ಕೇಳಿದ್ದೆ. "ಹೆದ್ರಿಕೆ ಎಲ್ಲ ಕೆಳಗೆ ನಿಂತೋರ್ಗೆ ಕಣ್ಲಾ" ಎಂದಿದ್ದರು ಅಪ್ಪ. ಹತ್ತು ಹನ್ನೆರಡು ವರ್ಷಗಳ ನಂತರ, ನಾನು ಪಿಯುಸಿ ಫೇಲಾದ ದಿನ, ಕೆಳಗೆ ನಿಂತವರು ಅವರಾಗಿದ್ದರು. ಹೆದರಿಕೆ ಮಾತ್ರ ಪೂರ್ತಿ ನನಗೇ ಆಗಿತ್ತು.

ಅದು 1992ನೇ ಇಸವಿ. ಫೇಲಾದವರು ನಾವು ಮೂವರು, ಅದೂ ಒಂದೇ ವಿಷಯದಲ್ಲಿ: ಇಂಗ್ಲಿಷು. ತಪ್ಪು ಪೂರ್ತಿ ನಮ್ಮದಲ್ಲ. ಎಸ್ಸೆಸ್ಸೆಲ್ಸಿವರೆಗೆ ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಮುದ್ದೆ ನುಂಗಿದಷ್ಟು ಸಲೀಸಾಗಿ ಹೇಳುತ್ತಿದ್ದ ನಮ್ಮನ್ನು ತಂದು, ಕನ್ನಡದ ಒಂದಕ್ಷರವೂ ಬಾರದಂತೆ ಪಾಠ ಮಾಡುವ ತರಗತಿಯಲ್ಲಿ ಕೂರಿಸಿದ್ದರು. ಮೊದಲ ದಿನ 'ಫೋಟೋಸಿಂಥೆಸಿಸ್' ಎಂದಾಗ ನನ್ನ ಪಕ್ಕದವನು ತಲೆ ಬಾಚಿಕೊಂಡ. ಗ್ರೂಪ್ ಫೋಟೋ ಇರಬೇಕು ಅಂದುಕೊಂಡನಂತೆ.

ಆ ಪಕ್ಕದವನು ಎಣ್ಣೆ ಮಿಲ್ಲಿನ ಗುಮಾಸ್ತರ ಮಗ. ಆಗ ಊರ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳು. ಎಣ್ಣೆ ವ್ಯಾಪಾರದಲ್ಲಿ ಚಳ್ಳಕೆರೆಗೆ ಎರಡನೇ ಮುಂಬಯಿ ಎಂಬ ಹೆಸರು ಬೇರೆ. ಮೊದಲನೆಯ ಮುಂಬಯಿ ನೋಡಿರದಿದ್ದ ನಾವು ಅಲ್ಲಿಯೂ ಹಿಂಡಿಯ ವಾಸನೆಯೇ ಬರುತ್ತದೆಂದು ನಂಬಿದ್ದೆವು. ಇನ್ನೊಬ್ಬ ಮೊಳಕಾಲ್ಮೂರಿನ ಮಗ್ಗದ ಮನೆಯವನು, ಚಳ್ಳಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದ. ಅವರ ಮನೆಯಲ್ಲಿ ನೇಯುತ್ತಿದ್ದುದು ಮೂರು ಲಾಳಿಯ ರೇಷ್ಮೆ ಸೀರೆ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ ಇರುವುದರಿಂದ ಪಕ್ಕದಲ್ಲಿ ಒಬ್ಬ ಹುಡುಗ ಕೂತು ಇನ್ನೊಂದು ಲಾಳಿ ಎಸೆಯುತ್ತಿರಬೇಕು. ಇವನು ಎಂಟು ವರ್ಷದಿಂದ ಅದನ್ನೇ ಎಸೆದವನು. ಬೀಜಗಣಿತದ ಲೆಕ್ಕ ಮಾಡುವಾಗಲೂ ಇವನ ಬಲಗೈ ತಂತಾನೇ ಚಿಮ್ಮುತ್ತಿತ್ತು. ಎಷ್ಟೋ ಪೆನ್ನುಗಳು ಮುಂದಿನ ಬೆಂಚಿನವರ ಬೆನ್ನಿಗೆ ಬಿದ್ದಿವೆ.

ಫಲಿತಾಂಶ ಬಂದ ವಾರ ಮನೆಯಲ್ಲಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬ ವಿಷಯದಲ್ಲಿ ಮೂವರಿಗೂ ಒಮ್ಮತವಿತ್ತು. "ನಮ್ಮೂರಿಗೆ ಹೋಗಾಣ" ಎಂದ ಮಗ್ಗದವನು. ಮನೆಯಲ್ಲಿ ಏನು ಹೇಳುವುದು? ಹೈಸ್ಕೂಲಿನ ಚರಿತ್ರೆ ಇನ್ನೂ ನೆನಪಿದ್ದ ಗುಮಾಸ್ತರ ಮಗನಿಗೆ ಉಪಾಯ ಹೊಳೆಯಿತು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳಿವೆ, ಬ್ರಹ್ಮಗಿರಿಯಲ್ಲೊಂದು, ಸಿದ್ದಾಪುರದಲ್ಲೊಂದು, ಜಟಿಂಗ ರಾಮೇಶ್ವರ ಬೆಟ್ಟದಲ್ಲೊಂದು. ಅವನ್ನು ಅಧ್ಯಯನ ಮಾಡಲು ಹೋಗುತ್ತಿದ್ದೇವೆ ಎನ್ನುವುದು. ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎದುರಿಗಿದ್ದ ಪುಸ್ತಕ ಓದಕ್ಕೆ ಆಗ್ಲಿಲ್ಲ, ಕಲ್ಲು ಓದ್ತೀಯಾ?" ಎಂದರು. ಅದು ಅನುಮತಿ ಎಂದೇ ನಾನು ಅರ್ಥ ಮಾಡಿಕೊಂಡೆ.

ಬಸ್ಸಿಗೆ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲು ಎರಡು, ಸಲ್ಯೂಷನ್ ಟ್ಯೂಬು ಒಂದು, ಹಳೆಯ ಟ್ಯೂಬಿನ ತುಂಡುಗಳು, ಸೊಂಟಕ್ಕೆ ಕಟ್ಟಿದ ಒಂದು ಸೇರು ಹುರಿದ ಶೇಂಗಾ. ಗುಮಾಸ್ತರ ಮಗನ ಜೇಬಿನಲ್ಲಿ, ಯಾಕೆಂದು ಅವನಿಗೂ ಗೊತ್ತಿಲ್ಲದ, ಕಾಲೇಜಿನ ಎರಡು ಸೀಮೆಸುಣ್ಣದ ತುಂಡು. ಕೋಳಿ ಕೂಗುವ ಹೊತ್ತಿಗೆ ಬಳ್ಳಾರಿ ರಸ್ತೆ ಹಿಡಿದೆವು. ಊರು ದಾಟುವ ಮೊದಲೇ ಒಂದನೇ ಪಂಕ್ಚರ್.

ಎರಡನೆಯದು ತಳುಕಿನಲ್ಲಿ. ತ.ರಾ.ಸು. ಅವರ ಮನೆತನದ ಊರು ಅದು. ಕುವೆಂಪು ತಮ್ಮ 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯವನ್ನು ಯಾವ ಗುರುವಿಗೆ ಅರ್ಪಿಸಿದರೋ ಆ ಟಿ.ಎಸ್. ವೆಂಕಣ್ಣಯ್ಯನವರ ಊರೂ ಅದೇ. ಬೇವಿನ ನೆರಳಲ್ಲಿ ಚಕ್ರ ಬಿಚ್ಚಿಕೊಂಡು ಕೂತಾಗ ನಾನು ಇದನ್ನೆಲ್ಲ ಭಕ್ತಿಯಿಂದ ನೆನೆದೆ. ಗುಮಾಸ್ತರ ಮಗ ಟ್ಯೂಬಿಗೆ ಉಗುಳು ಹಚ್ಚಿ ಗುಳ್ಳೆ ನೋಡುತ್ತ, "ಇಷ್ಟು ಹತ್ರ ಇದ್ದೂ ಕನ್ನಡದಾಗೆ ನಂಗೆ ನಲವತ್ತೆರಡೇ ಬಂತಲ್ಲ, ಗಾಳಿ ಈ ಕಡೆ ಬೀಸಲ್ವೇನೋ" ಎಂದ.

ಗಾಳಿ ಬೀಸುತ್ತಿತ್ತು. ಆಷಾಢದ ಗಾಳಿ, ಚಿತ್ರದುರ್ಗದ ಸೀಮೆಯಲ್ಲಿ ಅದಕ್ಕೆ ದಾಕ್ಷಿಣ್ಯವಿಲ್ಲ. ಬಿ.ಜಿ. ಕೆರೆಯ ಹತ್ತಿರ ಅದು ಸೈಕಲ್ಲಿನ ಮೇಲಿದ್ದ ಇಬ್ಬರನ್ನು ರಸ್ತೆಯ ಈ ಬದಿಯಿಂದ ಆ ಬದಿಗೆ, ಅಂದರೆ ಜಾಲಿಯಿಂದ ಜಾಲಿಗೆ, ಒಯ್ದು ಮುಟ್ಟಿಸಿತು. ಮೂರು, ನಾಲ್ಕು, ಐದು. ಹಾನಗಲ್‌ನಲ್ಲಿ ಬಳ್ಳಾರಿ ರಸ್ತೆ ಬಿಟ್ಟು ಬಲಕ್ಕೆ ತಿರುಗುವ ಹೊತ್ತಿಗೆ ನಮ್ಮ ಟ್ಯೂಬುಗಳಲ್ಲಿ ಟ್ಯೂಬಿಗಿಂತ ಪ್ಯಾಚೇ ಜಾಸ್ತಿ ಇತ್ತು.

ಮೊಳಕಾಲ್ಮೂರಿನಲ್ಲಿ ಮಗ್ಗದವನ ಅಜ್ಜಿ ಬಾಗಿಲಲ್ಲೇ "ರಾ ರಾ, ಕೂರ್ಚೋ" ಎಂದು ತೆಲುಗಿನಲ್ಲಿ ಕರೆದು, ಮೊಮ್ಮಗನ ಫಲಿತಾಂಶ ಕೇಳಿ ಕನ್ನಡದಲ್ಲಿ ಬೈದರು. ಆಂಧ್ರದ ರಾಯದುರ್ಗ ಕೂಗಳತೆಯಲ್ಲಿರುವ ಊರಿದು. ಪ್ರೀತಿಗೊಂದು ಭಾಷೆ, ಬೈಗುಳಕ್ಕೊಂದು ಭಾಷೆ ಎಂದು ಜನ ಅನುಕೂಲ ಮಾಡಿಕೊಂಡಿದ್ದಾರೆ. ನಮಗೆ ಮೂರನೆಯದೊಂದು ಭಾಷೆ ಬಾರದಿದ್ದುದೇ ಅಪರಾಧವಾಗಿತ್ತು.

ಊಟವಾದ ಮೇಲೆ ನಾನೂ ನೇಯುತ್ತೇನೆ ಎಂದೆ. ಯಾಕೆ ಹಾಗೆ ಅಂದೆನೋ! ಗುಣಿ ಮಗ್ಗದಲ್ಲಿ ಕಾಲು ನೆಲದೊಳಗಿನ ಗುಂಡಿಯಲ್ಲಿರುತ್ತದೆ, ಕೈ ಮೇಲಿರುತ್ತದೆ, ಕಣ್ಣು ಹಾಸಿನ ಮೇಲಿರಬೇಕು, ಮನಸ್ಸು ಅಂಚಿನ ಹೂವಿನ ಲೆಕ್ಕದಲ್ಲಿರಬೇಕು. ನನ್ನ ಕಾಲು ತುಳಿದಾಗ ಕೈ ಸುಮ್ಮನಿತ್ತು. ಕೈ ಎದ್ದಾಗ ಕಾಲು ಮರೆತಿತ್ತು. ಎಸೆದ ಲಾಳಿ ಆ ಕಡೆ ಮುಟ್ಟದೆ ನಡುವೆಯೇ ಎಳೆಗಳ ಸಂದಿಗೆ ನುಗ್ಗಿ, ಪಟಪಟನೆ ಹಾಸು ಹರಿಯಿತು. ಮಗ್ಗದವನು ಕಣ್ಣು ಮುಚ್ಚಿಕೊಂಡ. ಅಜ್ಜಿ ಬಂದು ಬಗ್ಗಿ, ದೀಪದ ಬೆಳಕಿನಲ್ಲಿ ಒಂದೊಂದೇ ಎಳೆ ಹೆಕ್ಕಿ ಉಗುರಿನ ತುದಿಯಿಂದ ಗಂಟು ಹಾಕಿದರು. ಹದಿನಾಲ್ಕು ಗಂಟು. ಮುಗಿಸಿ ಎದ್ದು, "ಈ ಸೀರೆ ಮಾರಲ್ಲ. ನಿನ್ನ ಮದುವೆಗೇ ಕೊಡ್ತೀನಿ, ದುಡ್ಡು ಈಗ್ಲಿಂದ ಕೂಡಿಸು" ಎಂದರು. ತಮಾಷೆಗೆ ಹೇಳಿದ್ದಾರೆಂದು ನಕ್ಕೆ. ಅವರು ನಗಲಿಲ್ಲ.

ಮಾರನೆಯ ದಿನ ಬ್ರಹ್ಮಗಿರಿ. ಬಂಡೆಯ ಮೇಲೆ ಬಂಡೆ ಒಟ್ಟಿದ ಬೆಟ್ಟ. ದೇವರು ಎಲ್ಲೋ ಮನೆ ಕಟ್ಟಲು ತಂದು, ನೀರು ಸಿಗದೆ ಬಿಟ್ಟು ಹೋದಂತೆ. ಕುರಿ ಕಾಯುತ್ತಿದ್ದ ಮುದುಕನೊಬ್ಬ "ಅಕ್ಷರಗುಂಡಾ? ಬರ್ರಿ" ಎಂದು ಕರೆದೊಯ್ದ. ಊರವರ ಬಾಯಲ್ಲಿ ಅದರ ಹೆಸರೇ ಅಕ್ಷರಗುಂಡು. ಏನು ಬರೆದಿದೆಯೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಆ ಅಕ್ಷರಗಳ ಮೇಲೆ ಸುರಿದ ನೀರು ಔಷಧಿ ಎಂಬ ನಂಬಿಕೆಯಿತ್ತಂತೆ. ಅಕ್ಷರ ತೊಳೆದ ನೀರು ಕುಡಿದರೆ ಸಾಕು ಎನ್ನುವ ಪದ್ಧತಿ ನಮ್ಮ ಕಾಲೇಜಿಗೆ ಬರಲಿಲ್ಲವಲ್ಲ ಎಂದು ಮೂವರೂ ನಿಟ್ಟುಸಿರಿಟ್ಟೆವು. 1892ರಲ್ಲಿ ಬಿ.ಎಲ್. ರೈಸ್ ಬಂದು ಇದು ಅಶೋಕನ ಶಾಸನ ಎಂದು ಗುರುತಿಸಿದರು. ಮುದ್ದೆ ಉಣ್ಣುವ ಸೀಮೆಯ ಕಲ್ಲನ್ನು ಓದಲು ರೈಸೇ ಬರಬೇಕಾಯಿತು. ನಾವು ಹೋದದ್ದು ಸರಿಯಾಗಿ ನೂರು ವರ್ಷದ ಮೇಲೆ. ಶತಮಾನೋತ್ಸವಕ್ಕೆ ನಮ್ಮನ್ನು ಬಿಟ್ಟರೆ ಕುರಿಗಳಷ್ಟೇ ಹಾಜರಿದ್ದವು.

ಗುಮಾಸ್ತರ ಮಗ ಚರಿತ್ರೆಯ ನೋಟ್ಸು ತೆಗೆದು, ಬಂಡೆಯ ಮೇಲೆ ಬೆರಳಾಡಿಸದೆಯೇ, ಶಾಸನದ ಅರ್ಥ ಓದತೊಡಗಿದ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ. ಆ ಇಸಿಲ ಎಂದರೆ ಈ ಬೆಟ್ಟದ ಬುಡವೇ. ಅರ್ಧಕ್ಕೆ ಬಂದವನು ನಿಲ್ಲಿಸಿ ಮತ್ತೆ ಮೊದಲಿಂದ ಓದಿದ. ಮುಖ ಬದಲಾಗಿತ್ತು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನವನ್ನೇ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ಈ ಒಂದು ವರ್ಷದಿಂದ ಜೋರಾಗಿ ಪ್ರಯತ್ನಿಸುತ್ತಿದ್ದೇನೆ ಎಂದು ಚಕ್ರವರ್ತಿ ತಾನೇ ಒಪ್ಪಿಕೊಂಡಿದ್ದಾನೆ!

"ಒಂದು ವರ್ಷ ಓದ್ಲಿಲ್ಲ ಕಣ್ರಲಾ ಅಶೋಕ!" ಎಂದು ಕೂಗಿದ ಗುಮಾಸ್ತರ ಮಗ. ಕುರಿಗಳು ತಲೆಯೆತ್ತಿದವು. "ಸಂಘ ಸೇರಿದ್ಮೇಲೆ ಅಂದ್ರೆ ಏನು? ಕಂಬೈಂಡ್ ಸ್ಟಡಿ!"

ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತದೆ ಎಂದೂ ಅದರಲ್ಲಿದೆ. ಸಣ್ಣವರು ಎಂದರೆ ನಾವೇ ಎನ್ನುವುದರಲ್ಲಿ ನಮಗೆ ಅನುಮಾನ ಉಳಿಯಲಿಲ್ಲ. ಮುಂದುವರಿದು ತಂದೆತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದೂ ಇದೆ. ಆ ಭಾಗವನ್ನು ಮನೆಯಲ್ಲಿ ಹೇಳಬಾರದೆಂದು ಅಲ್ಲೇ ತೀರ್ಮಾನ ಮಾಡಿದೆವು.

ನನಗೆ ಇಂದಿಗೂ ಮನಸ್ಸಿನಲ್ಲಿ ಉಳಿದವನು ಅಶೋಕನಲ್ಲ, ಕೊನೆಯ ಸಾಲಿನ ಚಪಡ. ಅಕ್ಷರ ಬರೆದವನು. ಶಾಸನ ಪೂರ್ತಿ ಬ್ರಾಹ್ಮಿ ಲಿಪಿಯಲ್ಲಿ ಬರೆದು, ತನ್ನ ಹೆಸರಾದ ಮೇಲೆ 'ಲಿಪಿಕಾರ' ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ. ಅಷ್ಟು ದೂರದಿಂದ ಬಂದವನೋ, ಆ ಲಿಪಿ ಎಲ್ಲಾದರೂ ಕಲಿತವನೋ. ಈ ಬಂಡೆಗಳ ನಡುವೆ, ಈ ಗಾಳಿಯಲ್ಲಿ, ಒಬ್ಬರಿಗೂ ಓದಲು ಬಾರದ ಅಕ್ಷರದಲ್ಲಿ ತನ್ನ ಕೆಲಸದ ಹೆಸರು ಬರೆದು ಹೋಗಿದ್ದಾನೆ. ಜಂಬವೋ, ಊರ ನೆನಪೋ. ಇಂಗ್ಲಿಷ್ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ನಾನು ಪುಸ್ತಕದ ಮೂಲೆಯಲ್ಲಿ ಕನ್ನಡದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದುದು ನೆನಪಾಗಿ, ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡಿತು.

ಜಟಿಂಗ ರಾಮೇಶ್ವರ ಬೆಟ್ಟ ಹತ್ತಲಿಲ್ಲ. ರಾವಣನ ಜತೆ ಹೋರಾಡಿ ಜಟಾಯು ಬಿದ್ದದ್ದು ಅಲ್ಲಿಯೇ ಎನ್ನುತ್ತಾರೆ. "ರೆಕ್ಕೆ ಇದ್ದೋನೇ ಅಲ್ಲಿ ಬಿದ್ದ" ಎಂದು ಗುಮಾಸ್ತರ ಮಗ ಕೂತುಬಿಟ್ಟ. ಅಲ್ಲಿನ ಶಾಸನದ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ಅಕ್ಷರಗಳು ತುಂಬ ಸವೆದಿವೆ. ರಾತ್ರಿ ಅಜ್ಜಿಗೆ ಈ ಸಂಗತಿ ಹೇಳಿದರೆ, "ಅಯ್ಯೋ, ಮದುವೆಯಾದ ವರ್ಷ ಅದರ ಮ್ಯಾಲೇ ಕುಂತು ಎರಡು ಡಜನ್ ಹಾಕಿಸ್ಕೊಂಡೆ" ಎಂದರು. ಅಶೋಕನನ್ನು ನಮ್ಮ ಪೈಕಿ ಅತ್ಯಂತ ಹತ್ತಿರದಿಂದ ಬಲ್ಲವರು ಅವರೇ ಎಂದಾಯಿತು.

ವಾಪಸು ಬರುವಾಗ ಒಂಬತ್ತನೇ ಪಂಕ್ಚರಿಗೆ ಸಲ್ಯೂಷನ್ ಮುಗಿಯಿತು. ಶೇಂಗಾ ಮೂಟೆಯ ಲಾರಿಯೊಂದು ಸೈಕಲ್ಲುಗಳ ಸಮೇತ ನಮ್ಮನ್ನು ಹತ್ತಿಸಿಕೊಂಡಿತು. ಅಪ್ಪ, "ಏನು ಓದ್ದೆ?" ಎಂದು ಕೇಳಿದರು. ಅಶೋಕನ ಒಂದು ವರ್ಷದ ಸಂಗತಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಎರಡನೇ ವರ್ಷ ಓದಿದ್ನಂತಾ?" ಎಂದರು.

ಸಪ್ಲಿಮೆಂಟರಿಯಲ್ಲಿ ಮೂವರೂ ಪಾಸಾದೆವು. ನನಗೆ ಮೂವತ್ತೆಂಟು. ಉಳಿದಿಬ್ಬರ ಅಂಕಗಳನ್ನು ಅವರ ಮಕ್ಕಳು ಇದನ್ನು ಓದಬಹುದೆಂದು ಬರೆಯುತ್ತಿಲ್ಲ. ಗುಮಾಸ್ತರ ಮಗ ವಿಜ್ಞಾನದ ಮೇಷ್ಟ್ರಾದ. ನಾಯಕನಹಟ್ಟಿ ಹತ್ತಿರ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಬಂದ ಮೇಲೆ, ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಇವನೂ ಹೋಗಿದ್ದ. ನಲವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ತಾನೇ ಕೈಯಾರೆ ಉಪಕರಣ ಮುಟ್ಟಿ ಪ್ರಯೋಗ ಮಾಡಿದೆನೆಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಗುಂಪಿನ ಫೋಟೋ ತೆಗೆಯುತ್ತಾರೆಂದಾಗ ತಲೆ ಬಾಚಿಕೊಂಡನಂತೆ. ಈ ಸಲ ನಿಜವಾಗಿಯೂ ಫೋಟೋ.

ಮಗ್ಗದವನು ಬೆಂಗಳೂರು ಸೇರಿದ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬೆಂಗಳೂರು ಎನ್ನುವುದು ನಮ್ಮ ಕಡೆಯ ಬೆಳೆ ಪದ್ಧತಿ. ಆದರೆ ಅವನ ಮಗಳು ಓದು ಮುಗಿಸಿ ಮೊಳಕಾಲ್ಮೂರಿಗೆ ಹಿಂದಿರುಗಿದಳು. ಫೋನ್ ಎದುರಿಗಿಟ್ಟುಕೊಂಡು ಗುಣಿಯಲ್ಲಿ ಕೂತು ನೇಯುತ್ತಾಳೆ, ಸೀರೆ ಮಾರುತ್ತಾಳೆ. ಯಾರಾದರೂ "ಇದು ಕಂಚಿಯದಾ?" ಎಂದರೆ ಮುತ್ತಜ್ಜಿಯ ಹಾಗೆ, ಪ್ರೀತಿಯ ಭಾಷೆಯಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸುತ್ತಾಳೆ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಮಾನ್ಯತೆಯೇ ಇದೆಯಲ್ಲ. ಅಂದ ಹಾಗೆ, ನನ್ನ ಮದುವೆಗೆ ಆ ಹದಿನಾಲ್ಕು ಗಂಟಿನ ಸೀರೆ ನಿಜವಾಗಿಯೂ ಬಂತು. ಬಿಲ್ಲು ಸಮೇತ.

ಸೀಮೆಸುಣ್ಣದ ವಿಚಾರ ಹೇಳುವುದು ಮರೆತೆ. ಅವತ್ತು ಬ್ರಹ್ಮಗಿರಿಯ ಬುಡದಲ್ಲಿ, ಶಾಸನಕ್ಕೆ ಬಹಳ ದೂರದ ಒಂದು ಬಡಪಾಯಿ ಬಂಡೆಯ ಮೇಲೆ, ಗುಮಾಸ್ತರ ಮಗ ದಪ್ಪ ಅಕ್ಷರದಲ್ಲಿ 'ನಾವೂ ಒಂದು ವರ್ಷ ಪ್ರಯತ್ನ ಪಡಲಿಲ್ಲ' ಎಂದು ಬರೆದು, ಕೆಳಗೆ ಚಪಡನಂತೆ ತನ್ನ ಹೆಸರನ್ನು ತಿರುಗುಮುರುಗಾಗಿ ಬರೆದಿದ್ದ. ನಾನು ಆಕ್ಷೇಪಿಸಿದ್ದಕ್ಕೆ, "ಸುಣ್ಣ ಕಣ್ಲಾ, ಮಳೆ ಬಂದ್ರೆ ಹೋಗ್ತೈತೆ" ಎಂದಿದ್ದ. ಪಾಸಾದ ಖುಷಿಗೆ ಮುಂದಿನ ವರ್ಷ ಮತ್ತೆ ಹೋದೆವು, ಈ ಸಲ ಬಸ್ಸಿನಲ್ಲಿ. ಬರಹ ಹಾಗೆಯೇ ಇತ್ತು, ಒಂದು ಕೊಂಬೂ ಮಾಸಿರಲಿಲ್ಲ. ಕುರಿ ಕಾಯುವ ಅದೇ ಮುದುಕ ದೂರದಿಂದಲೇ ಗುರುತು ಹಿಡಿದು ಓಡಿ ಬಂದು ಕೈ ಮುಗಿದ. "ಅದೇನು ಮಂತ್ರ ಬರ್ದು ಹೋದ್ರಪ್ಪಾ? ಅವತ್ತಿಂದ ಒಂದು ಹದ ಮಳೆ ಇಲ್ಲ. ಅಳಿಸಿ ಪುಣ್ಯ ಕಟ್ಕೊಳ್ರಿ."

ಕುಡಿಯಲು ತಂದಿದ್ದ ನೀರೆಲ್ಲ ಸುರಿದು, ಟವೆಲಿನಿಂದ ತಿಕ್ಕಿ ಅಳಿಸಿದೆವು. ಬಸ್ಸು ಬಿ.ಜಿ. ಕೆರೆ ದಾಟುವಾಗ ಮೋಡ ಕಟ್ಟಿತು. ಕಿಟಕಿಯ ಗಾಜಿನ ಮೇಲೆ ನಾಲ್ಕು ಹನಿ ಬಿತ್ತು. ಉಸಿರು ಬಿಗಿಹಿಡಿದು ಕಾದೆವು. ನಾಲ್ಕೇ.

"ನನ್ನ ಹೆಸರು ಸರಿಯಾಗಿ ಅಳಿಸಿಲ್ಲ ಅನ್ಸುತ್ತೆ" ಎಂದ ಗುಮಾಸ್ತರ ಮಗ.