ಕಾಚಿಗುಡದ ಡಿಕನ್ಸ್ ಕಾಕಾ

ಹೈದರಾಬಾದಿನಲ್ಲಿ ಕನ್ನಡಿಗರು ನಾಲ್ಕು ಮನೆ ಸೇರಿದ ಓಣಿಯಿದ್ದರೆ ಅಲ್ಲೊಬ್ಬ ಡಿಕನ್ಸ್ ಕಾಕಾ ಇದ್ದೇ ಇರುತ್ತಾರೆ. ಒಂದು ಓಣಿಯಲ್ಲಿ ಡಿಕನ್ಸ್ ಬದಲು ಥಾಮಸ್ ಹಾರ್ಡಿ ಇರಬಹುದು, ತಳಿ ಮಾತ್ರ ಒಂದೇ. ಸರಕಾರಿ ಕಚೇರಿಯಿಂದ ನಿವೃತ್ತರು, ನಸುಕಿನ ಐದಕ್ಕೆ ಏಳುವವರು, ಎದೆ ಜೇಬಿನಲ್ಲಿ ನೀಲಿ ಒಂದು ಕೆಂಪು ಒಂದು ಪೆನ್ನು, ಬಗಲಲ್ಲಿ ಉದ್ದನೆಯ ನೋಟ್‌ಬುಕ್ಕು. ಎದುರಿಗೆ ಸಿಕ್ಕರೆ ‘ಆರಾಮ ಇದ್ದೀರೇನ್ರಿ’ ಅನ್ನುವುದಿಲ್ಲ, ‘ಈ ಇಂಗ್ಲಿಷ್ ಶಬ್ದ ಗೊತ್ತದ ಏನು?’ ಅನ್ನುತ್ತಾರೆ. ಗೊತ್ತು ಅಂದರೆ ಅವರ ಮುಖ ಸಣ್ಣದಾಗುತ್ತದೆ. ಗೊತ್ತಿಲ್ಲ ಅಂದರೆ ನಮ್ಮ ಅರ್ಧ ತಾಸು ಹೋಯಿತು.

ನಮ್ಮ ಕಾಚಿಗುಡದ ಕಾಕಾ ಸ್ಟೆನೊಗ್ರಾಫರ್ ಆಗಿದ್ದವರು. ಸುಲ್ತಾನ್ ಬಜಾರಿನ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಕಲಿತು, ಸಾಹೇಬರುಗಳು ಹೇಳಿದ ಇಂಗ್ಲಿಷನ್ನು ಮೂವತ್ತು ವರ್ಷ ಗೆರೆ ಚುಕ್ಕೆಯಲ್ಲಿ ಬರೆದುಕೊಂಡವರು. ಹಾಗೆ ಬರೆದುಕೊಂಡದ್ದು ಪೂರ್ತಿ ಬೇರೆಯವರ ಇಂಗ್ಲಿಷು. ತಮ್ಮದೂ ಅಂತ ಒಂದಿಷ್ಟು ಇರಬೇಕು ಎಂಬ ಆಸೆ ಪೆನ್ಶನ್ ಶುರುವಾದ ತಿಂಗಳೇ ಹುಟ್ಟಿತು.

ಆಸೆಯ ಬೇರು ಇನ್ನೂ ಹಿಂದಿನದು. ಕಾಕಾರ ತಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ನಿಜಾಮರು 1918ರಲ್ಲಿ ತೆರೆದ ಆ ವಿಶ್ವವಿದ್ಯಾಲಯದಲ್ಲಿ ಗಣಿತವಿರಲಿ, ಕಾನೂನಿರಲಿ, ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ. ಇಂಗ್ಲಿಷು ಕಲಿಯಬೇಕಾದ ಒಂದು ವಿಷಯ, ಅಷ್ಟೆ. ತಂದೆಯವರ ಉರ್ದು ಅರ್ಜಿಗಳನ್ನು ತಹಶೀಲದಾರರು ಪಕ್ಕದವರಿಗೂ ಓದಿ ಹೇಳುತ್ತಿದ್ದರಂತೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು, ನಿಜಾಮಶಾಹಿ ಹೋಯಿತು, ಅದರ ಬೆನ್ನಿಗೇ ಕಚೇರಿಯ ಮೇಜಿನ ಮೇಲಿಂದ ಉರ್ದುವೂ ಇಳಿಯಿತು. ಅಷ್ಟು ಚಂದದ ಭಾಷೆ ಬಲ್ಲವರು ಇಂಗ್ಲಿಷ್ ಡ್ರಾಫ್ಟಿಗಾಗಿ ತಮಗಿಂತ ಕಿರಿಯ ಗುಮಾಸ್ತರ ಮುಂದೆ ನಿಲ್ಲಬೇಕಾಯಿತು. 1956ರ ನವೆಂಬರಿನಲ್ಲಿ ಕಲಬುರಗಿ, ಬೀದರ, ರಾಯಚೂರು ಮೂರೂ ಮೈಸೂರು ರಾಜ್ಯಕ್ಕೆ ಹೋದವು, ಇವರ ಮನೆ ಮಾತ್ರ ಕಾಚಿಗುಡ ಬಿಟ್ಟು ಕದಲಲಿಲ್ಲ. ನೃಪತುಂಗ ಶಾಲೆಗೆ ಹೋಗಿ ಕನ್ನಡದಲ್ಲಿ ಓದಿ ಬರುತ್ತಿದ್ದ ಮಗನಿಗೆ ತಂದೆ ದಿನಾ ಸಂಜೆ ಒಂದೇ ಮಾತು ಹೇಳುತ್ತಿದ್ದರು: ‘ಇಂಗ್ಲಿಷ್ ಹಿಡಿ. ಈ ಊರಾಗ ಯಾವಾಗ ಯಾವ ಭಾಷಾ ಬರ್ತದ, ಯಾವುದು ಹೋಗ್ತದ, ಹೇಳ್ಲಿಕ್ಕಾಗಂಗಿಲ್ಲ.’

ಇಂಗ್ಲಿಷ್ ಹಿಡಿಯಲು ಈ ಊರಿನಲ್ಲಿ ದಾರಿಗಳಿಗೇನೂ ಬರವಿಲ್ಲ. 1958ರಲ್ಲೇ ಇಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕಲಿಸಲೆಂದು ಒಂದು ಕೇಂದ್ರ ಸಂಸ್ಥೆ ಹುಟ್ಟಿತು. ಮುಂದೆ ‘ಸೀಫೆಲ್’ ಆಯಿತು, 2007ರಿಂದ ‘ಇಫ್ಲು’ ಎಂಬ ಕೇಂದ್ರೀಯ ವಿಶ್ವವಿದ್ಯಾಲಯ. ಕಾಕಾ ಅಲ್ಲಿಗೆ ಒಮ್ಮೆ ಉಪನ್ಯಾಸ ಕೇಳಲು ಹೋಗಿದ್ದರು. ನಾಲಿಗೆ ಹಲ್ಲಿನ ಹಿಂದೆ ಎಲ್ಲಿ ತಾಗಬೇಕೆಂದು ಒಂದು ಗಂಟೆ ಹೇಳಿದರಂತೆ. ‘ನಾಲಿಗಿ ಎಲ್ಲರೆ ತಾಗಲಿ, ಮೊದಲು ಅದರ ಮ್ಯಾಲೆ ಇಡ್ಲಿಕ್ಕೆ ಶಬ್ದ ಬೇಕಲ್ಲ’ ಎನ್ನುತ್ತಾ ತಾರ್ನಾಕಾದಲ್ಲಿ ಬಸ್ಸು ಹತ್ತಿದರು. ಇನ್ನು ಅಮೀರ್‌ಪೇಟೆ. ಅಲ್ಲಿ ಮೈತ್ರಿವನಂ ಸುತ್ತಲಿನ ಗೋಡೆಗಳ ಮೇಲೆ ಕೋಚಿಂಗಿನ ಬೋರ್ಡು ಕಟ್ಟಿ ಉಳಿದ ಜಾಗದಲ್ಲಷ್ಟೇ ಕಿಟಕಿ. ಕಾಕಾರ ಅಣ್ಣನ ಮಗ ಅಲ್ಲೇ ಜಿಆರ್‌ಇಗೆ ಓದಿದ. ಬ್ಯಾರನ್ಸ್ ಪುಸ್ತಕದ ಪದಪಟ್ಟಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಚಿಲ್ಕೂರು ಬಾಲಾಜಿಗೆ ವೀಸಾದ ಮೊದಲು ಹನ್ನೊಂದು, ವೀಸಾ ಬಂದ ಮೇಲೆ ನೂರೆಂಟು ಸುತ್ತು ಹಾಕಿ ಡಲ್ಲಾಸಿಗೆ ಹೋದ. ವಿಮಾನ ಹತ್ತುವ ಮೊದಲು ಕಾಕಾ ಪಟ್ಟಿಯಿಂದ ಮೂರು ಶಬ್ದ ಕೇಳಿ ನೋಡಿದರು. ಮೂರೂ ಮರೆತಿದ್ದ. ‘ಅಮೀರ್‌ಪೇಟೆಯವು ಬಾಡಿಗಿ ಮನಿ ಇದ್ದಂಗ, ಅಗ್ರಿಮೆಂಟ್ ಮುಗಿದ ದಿನ ಖಾಲಿ. ನಂದು ಸ್ವಂತದ್ದು,’ ಎಂದರು ಕಾಕಾ.

ಆ ಸ್ವಂತದ್ದು ಬರುವುದು ಆಬಿಡ್ಸಿನಿಂದ. ಭಾನುವಾರ ಅಂಗಡಿಗಳ ಶಟರ್ ಇಳಿದಿರುತ್ತದೆ, ಅವುಗಳ ಮುಂದಿನ ಫುಟ್‌ಪಾತಿನ ತುಂಬ ಹಳೆಯ ಪುಸ್ತಕ. ಎಂಜಿನಿಯರಿಂಗ್ ಗೈಡುಗಳ ಗುಡ್ಡೆಯ ಅಡಿಯಿಂದ ಡಿಕನ್ಸನನ್ನು ಎಳೆದು ತೆಗೆಯುವ ಕಾಕಾರನ್ನು ನೋಡಬೇಕು. ಬೆನ್ನು, ಹೊಲಿಗೆ, ಬೆಲೆ ಯಾವುದನ್ನೂ ಮೊದಲು ನೋಡುವುದಿಲ್ಲ. ಅವರು ಹುಡುಕುವುದು ಅಂಚಿನಲ್ಲಿ ಹಿಂದಿನ ಓದುಗ ಪೆನ್ಸಿಲಿನಲ್ಲಿ ಬರೆದ ಅರ್ಥ. ಒಂದು ಪ್ರತಿಯಲ್ಲಿ ತೆಲುಗು ಅಕ್ಷರ, ಇನ್ನೊಂದರಲ್ಲಿ ಉರ್ದು, ಮತ್ತೊಂದರಲ್ಲಿ ಎರಡೂ, ಅಂದರೆ ಪುಸ್ತಕ ಎರಡು ಮನೆ ಕಂಡಿದೆ. ಮೊದಲ ಪುಟದಲ್ಲಿ ಸಾಲಿಗೆ ಮೂರು ಅರ್ಥ, ಹತ್ತನೇ ಪುಟದಲ್ಲಿ ಪುಟಕ್ಕೆ ಮೂರು, ನಲವತ್ತರ ಹೊತ್ತಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಕಡೆಯವರೆಗೂ ಅಂಚು ಬೆಳ್ಳಗೆ. ಈ ಊರಲ್ಲಿ ಡಿಕನ್ಸನನ್ನು ಶುರು ಮಾಡಿದವರ ಸಂಖ್ಯೆಯೂ ಮುಗಿಸಿದವರ ಸಂಖ್ಯೆಯೂ ಆ ಅಂಚುಗಳಲ್ಲಿ ತಿಳಿಯುತ್ತದೆ. ‘ನಲವತ್ತು ಪುಟದ ಕೆಲಸ ಮುಗಿಸಿ ಕೊಟ್ಟಾರ, ಪುಣ್ಯಾತ್ಮರು’ ಎಂದುಕೊಂಡು ಕಾಕಾ ಚೌಕಾಸಿಗೆ ಇಳಿಯುತ್ತಾರೆ. ಆ ದಖನಿ ಕೇಳಲು ನಾನು ಬೇಕೆಂದೇ ಜೊತೆಗೆ ಹೋಗುತ್ತೇನೆ. ‘ಕ್ಯಾ ಮಿಯಾಂ, ರದ್ದಿ ಕು ಇತ್ತೇ ಪೈಸೇ? ನಕ್ಕೋ!’ ಎಂದು ಎರಡು ಹೆಜ್ಜೆ ಹಾಕುತ್ತಾರೆ. ಅಂಗಡಿಯವನು ಕರೆಯುತ್ತಾನೆ, ಇಬ್ಬರೂ ನಗುತ್ತಾರೆ, ಅರ್ಧ ಬೆಲೆಗೆ ಪುಸ್ತಕ ಕೈಗೆ. ತರಕಾರಿಯವಳ ಹತ್ತಿರ ತೆಲುಗು ಇಷ್ಟೇ ಸಲೀಸು. ರಾಜ್ಯೋತ್ಸವಕ್ಕೆ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ನಾಲ್ಕು ಮಾತಾಡಿ ಅಂದರೆ ಚೀಟಿಯಿಲ್ಲದೆ ನಲವತ್ತು ನಿಮಿಷ ಕನ್ನಡ ಹರಿಯುತ್ತದೆ. ಇವು ಮೂರನ್ನೂ ಕಾಕಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವುದನ್ನೂ ಅವರು ನೋಟ್‌ಬುಕ್ಕಿನಲ್ಲಿ ಬರೆದು ಕಲಿತದ್ದಲ್ಲವಲ್ಲ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ. ಶಬ್ದ, ಕನ್ನಡ ಲಿಪಿಯಲ್ಲಿ ಉಚ್ಚಾರ, ಅರ್ಥ, ಪುಟ ಸಂಖ್ಯೆ, ಕೊನೆಯದು ‘ಉಪಯೋಗಿಸಿದ ದಿನಾಂಕ’. ಮೊದಲ ನಾಲ್ಕು ನೀಲಿ ಶಾಯಿ, ಐದನೆಯದು ಕೆಂಪು. ಓಣಿಯವರೆಲ್ಲ ಹೆದರುವುದು ಈ ಐದನೇ ಕಾಲಮ್ಮಿಗೆ. ಬರೆದ ವಾರದೊಳಗೆ ಶಬ್ದವನ್ನು ಯಾರ ಮೇಲಾದರೂ ಪ್ರಯೋಗಿಸಿ ತಾರೀಖು ಹಾಕಬೇಕೆಂಬುದು ಕಾಕಾರ ವ್ರತ. ಇರಾನಿ ಹೋಟೆಲಿನ ಹುಡುಗ ಚಹಾದ ಜೊತೆ ಉಸ್ಮಾನಿಯಾ ಬಿಸ್ಕತ್ತು ತಂದಿಟ್ಟರೆ ‘ಪ್ರಾಡಿಜಿಯಸ್!’ ಅನ್ನುತ್ತಾರೆ, ಅವನು ‘ಓ ನೈ ಹೈ ಸಾಬ್, ಸಮೋಸಾ ಹೈ’ ಅನ್ನುತ್ತಾನೆ. ಒಂದು ಮದುವೆಯಲ್ಲಿ ಹೆಣ್ಣೊಪ್ಪಿಸುವ ಹೊತ್ತು ಹುಡುಗಿಯ ಅಪ್ಪನ ಹೆಗಲ ಮೇಲೆ ಕೈಯಿಟ್ಟು ‘ಡೋಂಟ್ ಬಿ ಲ್ಯಾಕ್ರಿಮೋಸ್’ ಅಂದರು, ಅವರು ಅಳು ನಿಲ್ಲಿಸಿ ಗಾಬರಿಯಿಂದ ಸುತ್ತ ನೋಡಿದರು. ಹಳೆಯ ಸಹೋದ್ಯೋಗಿಯೊಬ್ಬರು ಐದು ಸಾವಿರ ಕೈಗಡ ಕೇಳಿದಾಗ ಕಾಕಾ ವಿಷಾದದಿಂದ ‘ಐ ಆಮ್ ಇಂಪೆಕ್ಯೂನಿಯಸ್’ ಎಂದರು. ಕೈಯಲ್ಲಿ ಕಾಸಿಲ್ಲ ಎಂದು ಅದರ ಅರ್ಥ. ಬಂದವರು ಕುರ್ಚಿ ಹತ್ತಿರ ಎಳೆದುಕೊಂಡು, ‘ಯಾವಾಗಿಂದ? ಯಾವ ಡಾಕ್ಟರಿಗೆ ತೋರಿಸಿದಿರಿ?’ ಎಂದು ಕೇಳಿ, ಸಾಲದ ಮಾತೇ ಎತ್ತದೆ, ಎಳನೀರು ಕುಡಿಯಲು ಹೇಳಿ ಹೋದರು. ಆ ಕಾಲಮ್ಮಿನಲ್ಲಿ ಕಾಕಾ ತಾರೀಖಿನ ಪಕ್ಕ ಒಂದು ನಕ್ಷತ್ರ ಹಾಕಿದ್ದಾರೆ.

ಪುಸ್ತಕ ‘ಡೇವಿಡ್ ಕಾಪರ್‌ಫೀಲ್ಡ್’. ಡಿಕನ್ಸನನ್ನೇ ಹಿಡಿಯಲು ಕಾರಣವುಂಟು. ಬೇರೊಬ್ಬರು ಬರೆದ ಮುನ್ನುಡಿಯಲ್ಲಿ ಆತ ಹರೆಯದಲ್ಲಿ ವಕೀಲರ ಕಚೇರಿಯ ಗುಮಾಸ್ತನಾಗಿದ್ದು, ಶಾರ್ಟ್‌ಹ್ಯಾಂಡ್ ಕಲಿತು ಪಾರ್ಲಿಮೆಂಟಿನ ವರದಿಗಾರನಾದದ್ದು ಸಿಕ್ಕಿತು. ಅವನದು ಗರ್ನಿ ಪದ್ಧತಿ. ಪಿಟ್‌ಮನ್ ಪದ್ಧತಿ ಬಂದದ್ದು 1837ರಲ್ಲಿ, ಅಷ್ಟರಲ್ಲಿ ಡಿಕನ್ಸ್ ವರದಿ ಬಿಟ್ಟು ‘ಪಿಕ್‌ವಿಕ್ ಪೇಪರ್ಸ್’ ಬರೆಯುತ್ತಿದ್ದ. ‘ಪದ್ಧತಿ ಬ್ಯಾರೆ ಇರಬಹುದು, ಲೈನ್ ಮಾತ್ರ ನಮ್ಮದೇ’ ಎಂದು ಕಾಕಾ ಎದೆಯುಬ್ಬಿಸುತ್ತಾರೆ.

ಈ ಕಾದಂಬರಿ ಲಂಡನ್ನಿನಲ್ಲಿ 1849ರ ಮೇ ತಿಂಗಳಿಂದ 1850ರ ನವೆಂಬರ್‌ವರೆಗೆ ತಿಂಗಳಿಗೊಂದು ಕಂತಾಗಿ ಬಂತು, ಕಂತಿಗೆ ಒಂದು ಶಿಲ್ಲಿಂಗ್. ಅಲ್ಲಿನವರು ಹತ್ತೊಂಬತ್ತು ತಿಂಗಳಲ್ಲಿ ಅರವತ್ತನಾಲ್ಕೂ ಅಧ್ಯಾಯ ಓದಿ ಮುಗಿಸಿದರು. ಕಾಕಾರದು ಇದು ನಾಲ್ಕನೇ ವರ್ಷ, ಹದಿನೇಳನೇ ಅಧ್ಯಾಯ. ನಿಧಾನವೇಕೆಂದರೆ ಮಿಕಾಬರ್. ಸದಾ ಸಾಲದಲ್ಲಿರುವ, ‘ಏನಾದರೊಂದು ಒದಗಿ ಬಂದೀತು’ ಎಂದು ಕಾಯುತ್ತಲೇ ಇರುವ ಈ ಆಸಾಮಿ ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಹತ್ತು ಮಾತು ಬಳಸುತ್ತಾನೆ, ಹತ್ತೂ ದಪ್ಪ ಶಬ್ದ. ಡಿಕನ್ಸ್ ತನ್ನ ಅಪ್ಪನನ್ನೇ ನೋಡಿ ಬರೆದದ್ದು. ಆ ಅಪ್ಪ 1824ರಲ್ಲಿ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ ಹನ್ನೆರಡರ ಹುಡುಗ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಓದುವವರಿಗೆ ಮಿಕಾಬರ್ ನಗೆಪಾಟಲಿನವನು. ಕಾಕಾರಿಗೆ ಮಾತ್ರ ಅವನು ಗುರು. ಅವನ ಪತ್ರಗಳ ಶೈಲಿಯಲ್ಲೇ ನಲ್ಲಿ ನೀರು ಬರದ ಬಗ್ಗೆ ಸಂಬಂಧಪಟ್ಟ ಕಚೇರಿಗೊಂದು ದೂರು ಬರೆದರು. ಮೊದಲ ಪ್ಯಾರಾ ಮನುಷ್ಯನ ಭಾಗ್ಯಚಕ್ರದ ಏರಿಳಿತ, ಎರಡನೆಯದು ಇಷ್ಟು ಸಲಿಗೆ ವಹಿಸಿದ್ದಕ್ಕೆ ಕ್ಷಮೆ, ನೀರು ಬರುವುದು ಎರಡನೇ ಹಾಳೆಯ ಹಿಂಬದಿಯಲ್ಲಿ. ಮೂರು ದಿನಕ್ಕೆ ಫೋನು: ‘ಸಾರ್, ಲೆಟರ್ ಚಾಲಾ ಬಾಗುಂದಿ. ಇಂತಕೀ ಪ್ರಾಬ್ಲಂ ಏಂಟಿ?’ ಕಾಕಾ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಾಕಿ ಫೋನು ಕಸಿದುಕೊಂಡು ‘ನೀಳ್ಳು ರಾವಟ್ಲೇದು’ ಅಂದರು. ಮರುದಿನ ನೀರು ಬಂತು.

ಕಾಕಿಯ ವಿಷಯಕ್ಕೆ ಬರಲೇಬೇಕು. ಇಂಗ್ಲಿಷ್ ಅವರು ಕಲಿತವರಲ್ಲ. ಬೆಳಿಗ್ಗೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿರುತ್ತಾರೆ, ಕಾಕಾ ಉಚ್ಚಾರಕ್ಕೆಂದು ಒಂದೊಂದು ಸಾಲನ್ನು ಮೂರು ಸಲ ಓದಿ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತಿರುತ್ತಾರೆ. ಶಬ್ದ ಕಾಕಾರ ನೋಟ್‌ಬುಕ್ಕಿಗೆ ಹೋಯಿತು, ಕತೆ ಕಾಕಿಯ ಕಿವಿಗೆ ಬಿತ್ತು. ಡೇವಿಡ್ಡನಿಗೆ ಅಜ್ಜಿಯ ವರಸೆಯ ಬೆಟ್ಸಿ ಟ್ರಾಟ್‌ವುಡ್ ಮನೆ ಮುಂದಿನ ಹುಲ್ಲಿಗೆ ಕತ್ತೆ ಬಂದರೆ ಮಾತು ಅರ್ಧಕ್ಕೇ ಬಿಟ್ಟು ಓಡುತ್ತಾಳಲ್ಲ, ಆಕೆ ಕಾಕಿಗೆ ಅಚ್ಚುಮೆಚ್ಚು. ಗೇಟಿನೊಳಗೆ ಯಾರಾದರೂ ಸ್ಕೂಟರ್ ನಿಲ್ಲಿಸಿದರೆ ‘ಕತ್ತಿ ಬಂತು ನೋಡ್ರಿ’ ಅನ್ನುತ್ತಾರೆ. ಕಾದಂಬರಿಯ ಕಪಟಿ ಗುಮಾಸ್ತ ಯುರಾಯಾ ಹೀಪನ ಬಗ್ಗೆ ಮೊದಲ ದಿನವೇ ತೀರ್ಪು ಕೊಟ್ಟಿದ್ದರು: ‘ಕೈ ಹೊಸಕ್ಕೋತ ಮಾತಾಡವ್ರನ್ನ ಮನಿಯೊಳಗ ಬಿಡಬಾರದು.’ ಡಿಕನ್ಸನ ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಇಂಥವಳೇ ಒಬ್ಬಳಿದ್ದಾಳೆ. ಮನೆಗೆಲಸದ ಮುದುಕಿ, ಓದು ಬಾರದು. ಅವಳಿದ್ದ ನಶ್ಯದಂಗಡಿಯ ಮನೆಯಲ್ಲಿ ತಿಂಗಳ ಮೊದಲ ಸೋಮವಾರ ಮಾಲೀಕ ಡಿಕನ್ಸನ ‘ಡಾಂಬಿ’ ಕಾದಂಬರಿಯ ಹೊಸ ಕಂತನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ, ಚಹಾ ಮಾತ್ರ ದುಡ್ಡು ಕೊಟ್ಟವರಿಗೆ. ಇದನ್ನು ಒಬ್ಬನೇ ಬರೆದನೆಂದರೆ ಅವಳು ನಂಬಲಿಲ್ಲವಂತೆ, ಮೂರು ನಾಲ್ಕು ಮಂದಿ ಸೇರಿ ಬರೆದಿರಬೇಕೆಂದು ತಿಳಿದಿದ್ದಳಂತೆ. ಕಾಕಿಗೆ ಇದನ್ನು ಹೇಳಿದೆ. ‘ಒಬ್ಬನೇ ಬರದಾನ. ಓದಲಿಕ್ಕೇ ನಾಕು ಮಂದಿ ಬೇಕಾಗ್ಯಾದ’ ಅಂದರು.

ನಾಲ್ವರಲ್ಲಿ ಈಗ ಇನ್ನೊಬ್ಬಳು ಸೇರಿದ್ದಾಳೆ. ಒಂಬತ್ತನೇ ತರಗತಿಯ ಮೊಮ್ಮಗಳು. ಕಾಕಾ ಒಂಬತ್ತಕ್ಕೆ ಮಲಗಿದ ಮೇಲೆ ಅಜ್ಜಿಗೆ ಮುಂದಿನ ಅಧ್ಯಾಯ ಓದಿ ಕತೆ ಹೇಳುತ್ತಾಳೆ, ಗೊತ್ತಿಲ್ಲದ ಶಬ್ದ ಬಂದರೆ ಹಾರಿಸಿಬಿಡುತ್ತಾಳೆ. ಒಂದು ಬೇಸಿಗೆ ರಜೆಯಲ್ಲಿ ಅರವತ್ತನಾಲ್ಕೂ ಮುಗಿದವು. ಮಿಕಾಬರ್ ಆಸ್ಟ್ರೇಲಿಯಾಕ್ಕೆ ಹೋಗಿ ಮ್ಯಾಜಿಸ್ಟ್ರೇಟ್ ಆದದ್ದು ಕಾಕಿಗೆ ಗೊತ್ತು. ಡೇವಿಡ್ ಮದುವೆಯಾದ ಡೋರಾಳನ್ನು ಕಂಡ ಕ್ಷಣವೇ ‘ಇಕಿ ಸಂಸಾರ ಮಾಡೋ ಹುಡುಗಿ ಅಲ್ಲ ಬಿಡು’ ಎಂದಿದ್ದವರು, ಅವಳು ಸತ್ತಾಗ ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ್ದು ಬೇರೆಯದೇ ಸುದ್ದಿ: ‘ಆ ಡೇವಿಡ್ ಮುಂದ ಶಾರ್ಟ್‌ಹ್ಯಾಂಡ್ ಕಲೀತಾನಪ್ಪ. ಗೆರಿ ಚುಕ್ಕಿ ತಲಿಗಿ ಹತ್ತವಲ್ದು ಅಂತ ಇವರಂಗೇ ಒದ್ದಾಡ್ತಾನ. ಇವರಿಗೆ ಹೇಳಬ್ಯಾಡ, ಕುಣಿದಾರು.’

ಹೇಳಿಲ್ಲ. ಆದರೆ ಹೇಳುವ ಬೆದರಿಕೆಯನ್ನು ಕಾಕಿ ಚೆನ್ನಾಗಿ ದುಡಿಸಿಕೊಳ್ಳುತ್ತಿದ್ದಾರೆ. ಗ್ಯಾಸ್ ಬುಕ್ ಮಾಡುವುದು, ಹಿಟ್ಟು ಬೀಸಿಸುವುದು, ಕರೆಂಟ್ ಬಿಲ್ಲು, ಇವಕ್ಕೆಲ್ಲ ಕಾಕಾ ‘ಈ ಪುಟ ಮುಗಿಸಿ’ ಅನ್ನುತ್ತಿದ್ದ ಕಾಲವೊಂದಿತ್ತು. ಈಗ ಕಾಕಿ ಒಳಗಿನಿಂದಲೇ ‘ಆಗ್ನೆಸ್ ಕಡೀಕ ಏನಾದಳು, ಹೇಳಲೇನು?’ ಅಂದರೆ ಸಾಕು. ಮೊನ್ನೆ ಉರಿಬಿಸಿಲಲ್ಲಿ ಕಾಕಾ ಎರಡೂ ಕೈಗೆ ಚೀಲ ಸಿಕ್ಕಿಸಿಕೊಂಡು ಬಿರಬಿರನೆ ಹೊರಟಿದ್ದರು.

‘ಎಲ್ಲಿಗಿ ಕಾಕಾ ಇಷ್ಟು ಬಿಸಿಲಾಗ?’

‘ಬೇಗಂ ಬಜಾರಕ್ಕ. ಮೆಣಸಿನಕಾಯಿ, ಹುಣಸಿಹಣ್ಣು, ಐದು ಕಿಲೋ ತೊಗರಿಬ್ಯಾಳಿ,’ ಎಂದು ನಿಲ್ಲದೆಯೇ ಹೇಳಿದರು. ‘ನಿಮ್ಮ ಕಾಕಿ ಇವತ್ತು ಬೆಳಿಗ್ಗಿಂದ ಡೇವಿಡ್ಡನ ದೋಸ್ತ ಸ್ಟೀರ್‌ಫೋರ್ತನ ಹೆಸರು ತೆಗಿಲತ್ತಾಳ.’