ಬೀಗ ಬಲವೋ, ಕಟ್ಟರ್ ಬಲವೋ?

ಸೈಕಲ್ಲಿನ ಹಿಂಚಕ್ರಕ್ಕೆ ಅಂಟಿಕೊಂಡೇ ಇರುವ ಬಳೆಬೀಗ ಕಳ್ಳನನ್ನು ಪೆಡಲ್ ತುಳಿಯದಂತೆ ತಡೆಯುತ್ತದೆ, ಹೊತ್ತೊಯ್ಯದಂತೆ ತಡೆಯುವುದಿಲ್ಲ. ತಿರುವನಂತಪುರದ ಚಾಲ ಮಾರುಕಟ್ಟೆಯಲ್ಲಿ ಹೊರೆ ಹೊತ್ತವರೇ ಓಡಾಡುವಾಗ ಸೈಕಲ್ ಹೊತ್ತವನನ್ನು ಯಾರು ತಿರುಗಿ ನೋಡಿಯಾರು? ಇನ್ನೊಬ್ಬರು ಹೊರುವುದನ್ನು ನೋಡಿದ್ದಕ್ಕೇ ಕೂಲಿ ಕೇಳುವ ‘ನೋಕ್ಕುಕೂಲಿ’ಯನ್ನು ಕೇರಳ ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ. ಕಳ್ಳನಿಗೆ ಆ ಖರ್ಚೂ ಉಳಿಯಿತು.

ಹಾಗಾದರೆ ಕಂಬಕ್ಕೆ ಕಟ್ಟೋಣ. ಬಣ್ಣದ ಕೇಬಲ್ ಬೀಗ ದಪ್ಪಗೇನೋ ಕಾಣುತ್ತದೆ, ಆದರೆ ಆ ಮೈಕಟ್ಟಿನಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನದು. ನಾಲ್ಕಂಕಿಯ ನಂಬರ್ ಬೀಗದಲ್ಲಿ 10,000 ಜೋಡಣೆಗಳಿವೆ ನಿಜ. ಕಟ್ಟರ್‌ಗೆ ಲೆಕ್ಕ ಬಾರದು.

ಹದಗೊಳಿಸಿದ ಉಕ್ಕಿನ ದಪ್ಪ ಯು-ಬೀಗದ ಮುಂದೆ ಕೈಯಲ್ಲಿ ಹಿಡಿಯುವ ಬೋಲ್ಟ್ ಕಟ್ಟರ್ ಬೆವರುತ್ತದೆ. ಆದರೆ ಬ್ಯಾಟರಿ ಗ್ರೈಂಡರ್ ಬಂದರೆ ಅದೂ ಶರಣು. ಕಿಡಿ, ಕಿರುಚಾಟ ಎರಡೂ ಊರಿಗೆಲ್ಲ ಗೊತ್ತಾಗುತ್ತವೆ ಎನ್ನುವುದೊಂದೇ ಸಮಾಧಾನ. ಕೊಚ್ಚಿಯಲ್ಲಿ ಅದೂ ಇಲ್ಲ. ಕಲೂರಿನಿಂದ ಕಾಕ್ಕನಾಡಿನತ್ತ ಮೆಟ್ರೋ ಕಾಮಗಾರಿ ಸಾಗಿರುವಾಗ ಗ್ರೈಂಡರ್ ಸದ್ದು ಯಾರಿಗೆ ಹೊಸದು?

ದುಬಾರಿ ಬೀಗದ ಮಾನ ಅಮೆರಿಕದಲ್ಲಿ 2004ರಲ್ಲೇ ಹೋಗಿತ್ತು. ಹೆಸರಾಂತ ಕ್ರಿಪ್ಟೊನೈಟ್ ಯು-ಬೀಗಗಳು ಬಿಕ್ ಬಾಲ್‌ಪೆನ್ನಿನ ಕೊಳವೆಯಿಂದಲೇ ತೆರೆದುಕೊಂಡವು. ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು.

ಫೋರ್ಟ್ ಕೊಚ್ಚಿಯ ಉಪ್ಪುಗಾಳಿಗೆ ಪೆನ್ನೂ ಬೇಡ, ಗ್ರೈಂಡರೂ ಬೇಡ. ಎಣ್ಣೆ ಕಾಣದ ಬೀಗ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಒಡೆಯನ ಕೀಲಿಗೂ ಜಗ್ಗುವುದಿಲ್ಲ. ಆಗ ಒಡೆಯನೇ ಕಟ್ಟರ್ ಎರವಲು ತಂದು ನಡುಬೀದಿಯಲ್ಲಿ, ಹಾಡುಹಗಲೇ, ತನ್ನ ಸೈಕಲ್ಲಿನ ಬೀಗ ಕತ್ತರಿಸುತ್ತಾನೆ. ದಾರಿಹೋಕರು ನಿಂತು ‘ಇನ್ನೂ ಸ್ವಲ್ಪ ಕೆಳಗೆ ಹಿಡಿಯಿರಿ’ ಎಂದು ಸಲಹೆ ಕೊಡುತ್ತಾರೆಯೇ ಹೊರತು ಸೈಕಲ್ ಯಾರದೆಂದು ಕೇಳುವುದಿಲ್ಲ.