ಫ್ಯಾಸಿಸ್ಟ್ ಪ್ರಮಾಣಪತ್ರ ಬೇಕಾದವರ ಗಮನಕ್ಕೆ

ಜಗತ್ತಿನಲ್ಲಿ ಈಗ ಅತ್ಯಂತ ಸುಲಭವಾಗಿ ಸಿಗುವ ದಾಖಲೆ ಎಂದರೆ ಫ್ಯಾಸಿಸ್ಟ್ ಪ್ರಮಾಣಪತ್ರ. ಜಾತಿ ಪ್ರಮಾಣಪತ್ರಕ್ಕಾದರೆ ನಾಡಕಚೇರಿಗೆ ಅಲೆಯಬೇಕು, ಗ್ರಾಮ ಆಡಳಿತಾಧಿಕಾರಿಯ ವರದಿ ಬೇಕು, ‘ಸರ್ವರ್ ಡೌನ್, ನಾಳೆ ಬನ್ನಿ’ ಅನ್ನಿಸಿಕೊಳ್ಳಬೇಕು. ಇದಕ್ಕೆ ಅಂಥ ಯಾವ ರಗಳೆಯೂ ಇಲ್ಲ. ನಿಮ್ಮ ಪರವಾಗಿ ನಿಮ್ಮ ವಿರೋಧಿಯೇ ಅರ್ಜಿ ಗುಜರಾಯಿಸಿ, ತಾನೇ ಸ್ಥಳ ತನಿಖೆ ಮಾಡಿ, ತಾನೇ ಸೀಲು ಹೊಡೆದು ಮನೆ ಬಾಗಿಲಿಗೆ ತಂದುಕೊಡುತ್ತಾನೆ. ಶುಲ್ಕ ಇಲ್ಲ. ಮೇಲ್ಮನವಿಗೆ ಅವಕಾಶವೂ ಇಲ್ಲ.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1944ರಲ್ಲೇ ಈ ವಿತರಣೆಯ ಧಾರಾಳತನ ಕಂಡು ಬೆರಗಾಗಿದ್ದ. ಆಗಿನ್ನೂ ಹಿಟ್ಲರ್ ಜೀವಂತ ಇದ್ದ, ಅಸಲಿ ಫ್ಯಾಸಿಸ್ಟರು ಯುರೋಪಿನ ತುಂಬ ಓಡಾಡಿಕೊಂಡಿದ್ದರು. ಅಂಥ ಕಾಲದಲ್ಲೂ ರೈತರು, ಅಂಗಡಿಕಾರರು, ಗಾಂಧೀಜಿ, ಜ್ಯೋತಿಷ್ಯ, ಹೆಂಗಸರು, ಕೊನೆಗೆ ನಾಯಿಗಳೂ ಯಾರಿಂದಲೋ ಫ್ಯಾಸಿಸ್ಟ್ ಅನ್ನಿಸಿಕೊಂಡದ್ದನ್ನು ಕೇಳಿದ್ದೇನೆ ಎಂದು ಬರೆದ. ನಾಯಿಗಳಿಂದ ಆಕ್ಷೇಪಣೆ ಬಂದ ದಾಖಲೆ ಇಲ್ಲ.

ಈ ದಾಖಲೆಯ ಹಲವು ನಮೂನೆಗಳ ಪೈಕಿ ನಮ್ಮ ಕಾಲದಲ್ಲಿ ಅತಿ ಹೆಚ್ಚು ಸದ್ದು ಮಾಡಿದ್ದು ‘ಇಸ್ಲಾಮೋಫ್ಯಾಸಿಸಂ’. 1990ರಲ್ಲಿ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ ಮಲೀಸ್ ರುತ್ವೆನ್ ಎಂಬ ವಿದ್ವಾಂಸ ಈ ಮಾತು ಬಳಸಿದಾಗ ಅವನ ಬೆರಳು ತಿರುಗಿದ್ದು ಗುಹೆಯೊಳಗಿನ ಗಡ್ಡಧಾರಿಗಳ ಕಡೆಗಲ್ಲ, ಮೊರಾಕ್ಕೊದಿಂದ ಪಾಕಿಸ್ತಾನದವರೆಗಿನ ಸರ್ವಾಧಿಕಾರಿ ಸರಕಾರಗಳ ಕಡೆಗೆ. ಆ ಸರಕಾರಗಳಲ್ಲಿ ಹಲವು ವಾಷಿಂಗ್ಟನ್ನಿನ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದ್ದವು. ಹಾಗಾಗಿ ಆಗ ಪದಕ್ಕೆ ಗಿರಾಕಿಗಳಿರಲಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ವಿಳಾಸ ಬದಲಾಯಿತು, ವ್ಯಾಪಾರ ಕುದುರಿತು.

2005ರ ಅಕ್ಟೋಬರಿನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಭಾಷಣವೊಂದರಲ್ಲಿ, ಈ ಕೇಡನ್ನು ಕೆಲವರು ಇಸ್ಲಾಮಿಕ್ ತೀವ್ರವಾದ ಅನ್ನುತ್ತಾರೆ, ಕೆಲವರು ಉಗ್ರ ಜಿಹಾದ್ ಅನ್ನುತ್ತಾರೆ, ಇನ್ನು ಕೆಲವರು ಇಸ್ಲಾಮೋಫ್ಯಾಸಿಸಂ ಅನ್ನುತ್ತಾರೆ ಎಂದು ಮೂರೂ ಹೆಸರನ್ನು ಸಾಲಾಗಿ ಇಟ್ಟರು. ಇದು ಇಸ್ಲಾಂ ಧರ್ಮವಲ್ಲ ಎಂದೂ ಸೇರಿಸಿದರು. ಮರುವರ್ಷ ಆಗಸ್ಟಿನಲ್ಲಿ, ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ಸ್ಫೋಟಿಸುವ ಸಂಚು ಬಯಲಾದಾಗ, ನಾವು ‘ಇಸ್ಲಾಮಿಕ್ ಫ್ಯಾಸಿಸ್ಟ’ರ ಜೊತೆ ಯುದ್ಧದಲ್ಲಿದ್ದೇವೆ ಅಂದರು. ಅಮೆರಿಕದ ಮುಸ್ಲಿಂ ಸಂಘಟನೆಗಳು ಆಕ್ಷೇಪಿಸಿದವು. ಅಂಕಣಕಾರರಿಗೆ ವರ್ಷಗಟ್ಟಲೆ ಮೇವು ಸಿಕ್ಕಿತು.

ಅದೇ 2005ರ ಏಪ್ರಿಲಿನಲ್ಲಿ, ಅಂದರೆ ಆ ಭಾಷಣಕ್ಕೆ ಆರು ತಿಂಗಳು ಮೊದಲು, ಟೆಕ್ಸಾಸಿನ ಕ್ರಾಫರ್ಡಿನಲ್ಲಿದ್ದ ಬುಷ್ ಅವರ ತೋಟದ ಮನೆಗೆ ಒಬ್ಬ ಅತಿಥಿ ಬಂದಿದ್ದರು: ಸೌದಿ ಅರೇಬಿಯಾದ ಯುವರಾಜ ಅಬ್ದುಲ್ಲಾ. ಅವರ ದೇಶದಲ್ಲಿ ಆಗ ಹೆಂಗಸರು ಕಾರು ಓಡಿಸುವಂತಿರಲಿಲ್ಲ, ರಾಜಕೀಯ ಪಕ್ಷ ಕಟ್ಟುವಂತಿರಲಿಲ್ಲ, ಚರ್ಚು ದೇವಸ್ಥಾನಗಳಂತೂ ಸಲ್ಲ, ಸಾರ್ವಜನಿಕವಾಗಿ ತಲೆ ಕಡಿಯುವ ಶಿಕ್ಷೆ ಜಾರಿಯಲ್ಲಿತ್ತು. ಬುಷ್ ಆ ಹಿರಿಯರ ಕೈ ಹಿಡಿದುಕೊಂಡು, ಜಾತ್ರೆಯಲ್ಲಿ ಎಲ್ಲಿ ತಪ್ಪಿಸಿಕೊಂಡುಬಿಡುತ್ತಾರೋ ಎಂಬಂತೆ ಜೋಪಾನವಾಗಿ ನಡೆಸಿಕೊಂಡು ಹೋದರು. ಫೋಟೋ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಮಾತುಕತೆಯ ಮುಖ್ಯ ವಿಷಯ ಪೆಟ್ರೋಲಿನ ಬೆಲೆ. ಅರ್ಜಿದಾರರು ಗಮನಿಸಿ: ಎಣ್ಣೆ ಬಾವಿ ಇದ್ದವರಿಗೆ ಈ ಪ್ರಮಾಣಪತ್ರದಿಂದ ವಿನಾಯಿತಿ ಉಂಟು.

ಅವಧಿಯ ಬಗ್ಗೆಯೂ ನಿಯಮವಿದೆ. 1983ರ ಫೆಬ್ರುವರಿಯಲ್ಲಿ, ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ ಮುಜಾಹಿದೀನ್ ಪ್ರತಿನಿಧಿಗಳು ಶ್ವೇತಭವನದಲ್ಲಿ ಅಧ್ಯಕ್ಷ ರೇಗನ್ ಅವರ ಮುಂದೆ ಕೂತು ಮಾತಾಡಿದರು. ಅದರ ಹಿಂದಿನ ವರ್ಷ ರೇಗನ್, ಕೊಲಂಬಿಯಾ ಗಗನನೌಕೆಯ ಉಡಾವಣೆಯನ್ನೇ ಅಫ್ಘನ್ ಜನತೆಗೆ ಅರ್ಪಿಸಿದ್ದರು. 1986ರಿಂದ ಮುಜಾಹಿದೀನರಿಗೆ ಸ್ಟಿಂಗರ್ ಕ್ಷಿಪಣಿಗಳೂ ಹೋದವು. ಆಗ ಅವರು ಸ್ವಾತಂತ್ರ್ಯ ಯೋಧರು. ಕ್ಷಿಪಣಿಯ ಮೂತಿ ಮಾಸ್ಕೋ ಕಡೆಗಿರುವ ತನಕ ಆ ಬಿರುದು ಸಿಂಧು.

ಇದಕ್ಕೂ ಹಿಂದೆ, 1956ರಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ. ಬ್ರಿಟನ್ನಿನ ಪ್ರಧಾನಿ ಆಂಟನಿ ಈಡನ್ನಿಗೆ ನಾಸೆರನಲ್ಲಿ ಮುಸೊಲಿನಿ ಕಂಡ, ಫ್ರಾನ್ಸಿನ ಪ್ರಧಾನಿ ಗೀ ಮೊಲೆಗೆ ಹಿಟ್ಲರ್ ಕಂಡ. ಆಗ ನಾಸೆರ್ ತನ್ನ ಜೈಲುಗಳಲ್ಲಿ ಯಾರನ್ನು ತುಂಬಿಕೊಂಡಿದ್ದ? ಮುಸ್ಲಿಂ ಬ್ರದರ್‌ಹುಡ್‌ನವರನ್ನು. ಅವರ ಸಿದ್ಧಾಂತಿ ಸಯ್ಯಿದ್ ಕುತುಬನನ್ನು 1966ರಲ್ಲಿ ಗಲ್ಲಿಗೂ ಹಾಕಿಸಿದ. ಹೀಗೆ ಕುತುಬನನ್ನು ನೇಣಿಗೇರಿಸಿದವನೂ ಫ್ಯಾಸಿಸ್ಟ್. ನಲವತ್ತು ವರ್ಷ ಕಳೆದ ಮೇಲೆ ಕುತುಬನನ್ನು ಓದಿ ಬಾಂಬು ಕಟ್ಟಿದವರೂ ಫ್ಯಾಸಿಸ್ಟರು. ನೇಣಿನ ಹಗ್ಗದ ಎರಡೂ ತುದಿಗೆ ಒಂದೇ ಬಿಲ್ಲೆ.

2007ರ ಅಕ್ಟೋಬರಿನಲ್ಲಿ ಅಮೆರಿಕದ ಬಲಪಂಥೀಯ ಲೇಖಕ ಡೇವಿಡ್ ಹೊರೊವಿಟ್ಸ್ ‘ಇಸ್ಲಾಮೋಫ್ಯಾಸಿಸಂ ಜಾಗೃತಿ ಸಪ್ತಾಹ’ವನ್ನೇ ಮಾಡಿಸಿದರು. ನಮ್ಮಲ್ಲಿ ವನಮಹೋತ್ಸವ, ರಸ್ತೆ ಸುರಕ್ಷತಾ ಸಪ್ತಾಹ ಇರುವ ಹಾಗೆ. ನೂರಕ್ಕೂ ಹೆಚ್ಚು ಕ್ಯಾಂಪಸ್ಸುಗಳು ಭಾಗವಹಿಸಲಿವೆ ಎಂದು ಸಂಘಟಕರು ಹೇಳಿಕೊಂಡರು. ಆರೇ ತಿಂಗಳಲ್ಲಿ, ಅದೇ ಬುಷ್ ಸರಕಾರದ ಭಯೋತ್ಪಾದನಾ ನಿಗ್ರಹ ಕೇಂದ್ರದಿಂದ ಅಧಿಕಾರಿಗಳಿಗೆ ಸುತ್ತೋಲೆ ಹೋಯಿತು: ‘ಇಸ್ಲಾಮೋಫ್ಯಾಸಿಸಂ’ ಮುಂತಾದ ಮಾತುಗಳನ್ನು ಬಳಸಬೇಡಿ, ಅವು ಸಾಮಾನ್ಯ ಮುಸ್ಲಿಮರನ್ನು ದೂರ ಮಾಡುತ್ತವೆ. ಅಧ್ಯಕ್ಷರು ಬಿಟ್ಟ ಬಾಣವನ್ನು ಗುಮಾಸ್ತರು ಹುಡುಕಿ ಬತ್ತಳಿಕೆಗೆ ಹಾಕಿದರು.

ಇಷ್ಟು ಓದಿ ಎಡಗಡೆ ಕೂತ ಮಿತ್ರರು ಚಪ್ಪಾಳೆ ತಟ್ಟುತ್ತಿರಬಹುದು. ಸ್ವಲ್ಪ ತಡೆಯಿರಿ, ನಿಮ್ಮ ಕಡತವೂ ಮೇಜಿನ ಮೇಲಿದೆ. ಈ ದಾಖಲೆಯನ್ನು ಸಗಟು ದರದಲ್ಲಿ ಹಂಚಲು ಶುರುಮಾಡಿದವರೇ ನಿಮ್ಮ ಹಿರಿಯರು. 1920ರ ದಶಕದ ಕೊನೆಯಲ್ಲಿ ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್, ಜರ್ಮನಿಯ ಸೋಷಿಯಲ್ ಡೆಮಾಕ್ರಟರನ್ನು ‘ಸಾಮಾಜಿಕ ಫ್ಯಾಸಿಸ್ಟರು’ ಎಂದು ಘೋಷಿಸಿತು. ಕಾರ್ಮಿಕರ ಎರಡು ಪಕ್ಷಗಳು ಹೀಗೆ ಕಚ್ಚಾಡುತ್ತಿರುವಾಗ, ಮೂರನೆಯವನು 1933ರಲ್ಲಿ ಬಂದು ಇಬ್ಬರನ್ನೂ ಒಂದೇ ಕ್ಯಾಂಪಿಗೆ ತಳ್ಳಿದ. ಅವನು ಅಸಲಿ. 1961ರಲ್ಲಿ ಪೂರ್ವ ಜರ್ಮನಿ ತನ್ನ ಪ್ರಜೆಗಳು ಓಡಿಹೋಗದಂತೆ ಬರ್ಲಿನ್ ಗೋಡೆ ಕಟ್ಟಿ, ಅದಕ್ಕೆ ‘ಫ್ಯಾಸಿಸ್ಟ್ ವಿರೋಧಿ ರಕ್ಷಣಾ ಗೋಡೆ’ ಎಂದು ನಾಮಕರಣ ಮಾಡಿತು. ಬಂದೂಕಿನ ಮೂತಿ ಮಾತ್ರ ಒಳಗಿನವರ ಕಡೆಗಿತ್ತು.

ಪೊಲೀಸ್ ಪೇದೆ, ಕಾಲೇಜು ಪ್ರಿನ್ಸಿಪಾಲ್, ಬಾಡಿಗೆ ಕೇಳಿದ ಮನೆ ಮಾಲೀಕ, ಎಲ್ಲರನ್ನೂ ಫ್ಯಾಸಿಸ್ಟ್ ಎಂದು ಕರೆದ ಅದೇ ಬಾಯಿಗೆ, ತಾಲಿಬಾನಿನ ವಿಷಯ ಬಂದಾಗ ಇದ್ದಕ್ಕಿದ್ದಂತೆ ಪಾಂಡಿತ್ಯ ಉಕ್ಕುತ್ತದೆ. ‘ಹಾಗೆನ್ನಲು ಬರುವುದಿಲ್ಲ ಸ್ವಾಮಿ, ಫ್ಯಾಸಿಸಂ ಒಂದು ನಿರ್ದಿಷ್ಟ ಚಾರಿತ್ರಿಕ ಸಂದರ್ಭದ ಕೂಸು, ಬಂಡವಾಳಶಾಹಿಯ ಬಿಕ್ಕಟ್ಟು...’ ಎಂದು ಮುಕ್ಕಾಲು ಗಂಟೆ ಪಾಠ. ಇರಾನಿನ ಕಮ್ಯುನಿಸ್ಟರ ತೂದೆ ಪಕ್ಷ ಇಂಥದೇ ಸೂಕ್ಷ್ಮ ವಿಶ್ಲೇಷಣೆ ಮಾಡಿ, ಅಮೆರಿಕವನ್ನು ವಿರೋಧಿಸುತ್ತಾನಲ್ಲ ಎಂದು ಖೊಮೇನಿಯ ಬೆನ್ನಿಗೆ ನಿಂತಿತ್ತು. 1983ರಲ್ಲಿ ಖೊಮೇನಿಯ ಆಡಳಿತ ಪಕ್ಷವನ್ನೇ ನಿಷೇಧಿಸಿ ನಾಯಕರನ್ನು ಜೈಲಿಗೆ ಹಾಕಿತು. ಅವರಿಗೆ ಅಲ್ಲಿ ವಿಶ್ಲೇಷಣೆ ಮುಂದುವರಿಸಲು ಸಾಕಷ್ಟು ಸಮಯ ಸಿಕ್ಕಿತು.

ಮುಸ್ಲಿಂ ನಾಯಕರೂ ಈ ದಂಧೆಯಲ್ಲಿ ಹಿಂದೆ ಬಿದ್ದಿಲ್ಲ. ತಮ್ಮ ದೇಶದಲ್ಲಿ ಪತ್ರಕರ್ತರನ್ನು ಸಾಲುಸಾಲಾಗಿ ಜೈಲಿಗೆ ಕಳಿಸುತ್ತಿದ್ದ ಟರ್ಕಿಯ ಅಧ್ಯಕ್ಷ ಎರ್ದೋಆನ್, 2017ರ ಮಾರ್ಚಿನಲ್ಲಿ ತಮ್ಮ ಮಂತ್ರಿಯ ವಿಮಾನ ಇಳಿಯಲು ಬಿಡಲಿಲ್ಲ ಎಂದು ನೆದರ್‌ಲ್ಯಾಂಡ್ಸಿನವರನ್ನು ನಾಜಿಗಳ ಪಳೆಯುಳಿಕೆ, ಫ್ಯಾಸಿಸ್ಟರು ಎಂದು ಬೈದರು. ಅಸಲಿ ನಾಜಿಗಳು ಬಾಂಬು ಹಾಕಿ ನೆಲಸಮ ಮಾಡಿದ್ದ ರಾಟರ್‌ಡ್ಯಾಮ್ ಇರುವ ದೇಶಕ್ಕೆ ಈ ಸನ್ಮಾನ.

ಇನ್ನು ಇಸ್ಲಾಂ ಮತ್ತು ಫ್ಯಾಸಿಸಂ ಕೈಕುಲುಕಿಯೇ ಇಲ್ಲವೇ ಎಂದರೆ, ಕುಲುಕಿವೆ. ಜೆರುಸಲೇಮಿನ ಮುಫ್ತಿ ಅಮೀನ್ ಅಲ್ ಹುಸೇನಿ 1941ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹಿಟ್ಲರನನ್ನು ಕಂಡು ಮಾತಾಡಿದ್ದಕ್ಕೆ ಫೋಟೋ ಸಾಕ್ಷಿಯಿದೆ. 1937ರಲ್ಲಿ ಮುಸೊಲಿನಿ ಟ್ರಿಪೊಲಿಯಲ್ಲಿ ಕುದುರೆ ಏರಿ ‘ಇಸ್ಲಾಮಿನ ಖಡ್ಗ’ ಸ್ವೀಕರಿಸಿ ತಾನು ಮುಸ್ಲಿಮರ ರಕ್ಷಕ ಅಂದ. ಆ ಖಡ್ಗ ತಯಾರಾದದ್ದು ಅವನದೇ ಇಟಲಿಯ ಫ್ಲಾರೆನ್ಸಿನಲ್ಲಿ! ತನ್ನ ಸನ್ಮಾನದ ಶಾಲನ್ನು ತಾನೇ ಕೊಂಡು ಕಳಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಎಂದು ಕೊರಗಬೇಕಿಲ್ಲ. ಅದಕ್ಕೆ ಆರು ವರ್ಷ ಮೊದಲು ಇದೇ ರಕ್ಷಕನ ಸೇನೆ, ಎಪ್ಪತ್ತು ದಾಟಿದ್ದ ಲಿಬಿಯಾದ ಹೋರಾಟಗಾರ ಒಮರ್ ಮುಖ್ತಾರನನ್ನು ಅವನ ಜನರ ಕಣ್ಣೆದುರೇ ನೇಣಿಗೆ ಹಾಕಿತ್ತು.

ಕರ್ನಾಟಕದವರು ನೆನಪಿಡಬೇಕಾದ ಇನ್ನೊಂದು ಹೆಸರು ನೂರ್ ಇನಾಯತ್ ಖಾನ್. ಸೂಫಿ ಸಂಗೀತಗಾರನ ಮಗಳು, ಟಿಪ್ಪು ಸುಲ್ತಾನನ ವಂಶದವಳು, ಮಕ್ಕಳ ಕಥೆ ಬರೆಯುತ್ತಿದ್ದವಳು. 1943ರಲ್ಲಿ ಬ್ರಿಟನ್ನಿನ ಗೂಢಚಾರಳಾಗಿ ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿಗೆ ಹೋದಳು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬೀಳುತ್ತಿದ್ದಾಗಲೂ ವಾಪಸ್ ಬರಲು ಒಪ್ಪದೆ, ವೈರ್‌ಲೆಸ್ ಪೆಟ್ಟಿಗೆ ಹೊತ್ತು ಪ್ಯಾರಿಸ್ಸಿನಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಸಂದೇಶ ಕಳಿಸಿದಳು. 1944ರ ಸೆಪ್ಟೆಂಬರಿನಲ್ಲಿ ಡಾಕೌ ಶಿಬಿರದಲ್ಲಿ ಅವಳನ್ನು ಗುಂಡಿಟ್ಟು ಕೊಂದರು. ನಾವು ಪ್ರತಿ ನವೆಂಬರಿನಲ್ಲಿ ಟಿಪ್ಪುವಿಗೆ ‘ಮತಾಂಧ’ ಎಂಬ ಪಟ್ಟಿಯೋ ‘ಸ್ವಾತಂತ್ರ್ಯ ವೀರ’ ಎಂಬ ಪಟ್ಟಿಯೋ ಎಂದು ಟಿವಿಯಲ್ಲಿ ಗಂಟಲು ಹರಿದುಕೊಳ್ಳುತ್ತೇವೆ. ಫ್ಯಾಸಿಸಂ ಎದುರು ನಿಜವಾಗಿ ಪ್ರಾಣ ಕೊಟ್ಟ ಅವನ ವಂಶದ ಹುಡುಗಿಯ ಹೆಸರು ಎರಡೂ ಬಣಗಳ ಬಾಯಲ್ಲಿ ಬರುವುದಿಲ್ಲ. ಅವಳಿಂದ ಎರಡು ಕಡೆಗೂ ವೋಟು ಹುಟ್ಟುವುದಿಲ್ಲ.

ಲೇಖಕ ಕ್ರಿಸ್ಟೋಫರ್ ಹಿಚಿನ್ಸ್ ‘ಇಸ್ಲಾಮೋಫ್ಯಾಸಿಸಂ’ ಪದವನ್ನು ಸಮರ್ಥಿಸಿ ಬರೆದಾಗ ಕೊಟ್ಟ ಹೋಲಿಕೆಗಳು ಸುಳ್ಳಲ್ಲ: ಹಿಂಸೆಯ ಆರಾಧನೆ, ಕಳೆದುಹೋದ ವೈಭವದ ಗೀಳು, ಯಹೂದಿ ದ್ವೇಷ, ಹೆಂಗಸರ ಮೇಲಿನ ಹತೋಟಿ. ಆದರೆ ಈ ಪಟ್ಟಿ ಹಿಡಿದು ಹೊರಟರೆ ದಾರಿಯಲ್ಲಿ ಇನ್ನೂ ಬಹಳ ಧರ್ಮಗಳ ಬಹಳ ಸೇನೆಗಳು ಸಿಗುತ್ತವೆ. ಅವುಗಳ ಹೆಸರಿಗೆಲ್ಲ ಹೀಗೆ ಹೈಫನ್ ಹಾಕಿ ಫ್ಯಾಸಿಸಂ ಜೋಡಿಸಲು ಮುಂದಾದವರು ಕಡಿಮೆ. ಕೊಲ್ಲುವವನ ಜೊತೆ ಕೋಟ್ಯಂತರ ಜನರ ಧರ್ಮವನ್ನು ಹೈಫನ್ನಿನಿಂದ ಕಟ್ಟಿದರೆ ಲಾಭವಾಗುವುದು ಕೊಲ್ಲುವವನಿಗೇ. ‘ನಾನೇ ಇಸ್ಲಾಂ’ ಎಂದು ಅವನೂ ಹೇಳುತ್ತಿದ್ದಾನೆ. ನೀವು ಸಹಿ ಹಾಕಿಕೊಟ್ಟಿರಿ. ಇತ್ತ ಆ ಹೈಫನ್ನಿನ ಮೇಲೆ ಸಿಟ್ಟಾಗಿ ಕೊಲೆಯ ಬಗ್ಗೆಯೇ ಬಾಯಿ ಮುಚ್ಚಿದರೂ ಲಾಭ ಅವನಿಗೇ.

ಹಣೆಪಟ್ಟಿಯಿಲ್ಲದೆ ಹೇಳುವುದು ಹೀಗೆ. ಸಲ್ಮಾನ್ ತಾಸೀರ್ ಪಾಕಿಸ್ತಾನದ ಪಂಜಾಬಿನ ರಾಜ್ಯಪಾಲರಾಗಿದ್ದರು. ಧರ್ಮನಿಂದೆಯ ಕೇಸಿನಲ್ಲಿ ಸಿಕ್ಕಿದ ಬಡ ಕ್ರೈಸ್ತ ಹೆಂಗಸಿನ ಪರ ಮಾತಾಡಿದ್ದಕ್ಕೆ 2011ರ ಜನವರಿಯಲ್ಲಿ ಇಸ್ಲಾಮಾಬಾದಿನಲ್ಲಿ ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದ. ವಕೀಲರು ಆ ಕೊಲೆಗಾರನ ಮೇಲೆ ಗುಲಾಬಿ ಪಕಳೆ ಎರಚಿದರು. ನಾಸ್ತಿಕ ಲೇಖಕ ಅವಿಜಿತ್ ರಾಯ್ ಅವರನ್ನು 2015ರಲ್ಲಿ ಢಾಕಾದ ಪುಸ್ತಕ ಮೇಳದಿಂದ ಹೊರಬರುವಾಗ ಮಚ್ಚಿನಿಂದ ಕೊಚ್ಚಿದರು. ಪೇಶಾವರದ ಶಾಲೆಯಲ್ಲಿ 2014ರ ಡಿಸೆಂಬರಿನಲ್ಲಿ ತಾಲಿಬಾನಿಗಳು ಕೊಂದದ್ದು ನೂರಮೂವತ್ತಕ್ಕೂ ಹೆಚ್ಚು ಮಕ್ಕಳನ್ನು, ಮುಸ್ಲಿಂ ಮಕ್ಕಳನ್ನು. ಈ ಮೂರು ಸಂಗತಿ ಹೇಳಲು ಮುಸೊಲಿನಿಯನ್ನು ಗೋರಿಯಿಂದ ಎಬ್ಬಿಸುವ ಅಗತ್ಯ ಬೀಳಲಿಲ್ಲ. ಯಾರು ಕೊಂದರು, ಯಾರನ್ನು ಕೊಂದರು, ಬಂದೂಕಿಗೆ ದುಡ್ಡು ಕೊಟ್ಟವರು ಯಾರು, ಪಕಳೆ ಎರಚಿದವರು ಯಾರು? ಇಷ್ಟನ್ನು ಹೆಸರು ಹಿಡಿದು ಹೇಳಿ. ಹೇಳುವ ಧೈರ್ಯ ಇಲ್ಲದವರು ಮಾತ್ರ ಹಣೆಪಟ್ಟಿ ಹುಡುಕುತ್ತಾರೆ.